ಮೆದುಳಿನ ಸ್ಟಡಿಗೆ ಹೆಸರು ಕೊಡಿ, ಆದ್ರೆ ಕೇಳ್ಕೊಂಡು ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಮ್ಮ ಕಡೆ ಯಾರಾದ್ರೂ ‘ಮೆದುಳಿನ ಮೇಲೆ ನಡೀತಿರೋ ಒಂದು ಸ್ಟಡಿಗೆ ಹೆಸರು ಕೊಟ್ಟಿದೀನಿ’ ಅಂದ್ರೆ ಕೇಳಿದೋರ ಮುಖ ನೋಡ್ಬೇಕು. ಮೊದಲನೇ ಪ್ರಶ್ನೆ ‘ಯಾಕೆ ಸಾರ್, ಏನಾಯ್ತು ನಿಮ್ಗೆ?’, ಎರಡನೇದು ‘ಎಷ್ಟು ದುಡ್ಡು ಕೊಡ್ತಾರೆ?’, ಮೂರನೇದನ್ನ ನಮ್ಮೆದುರು ಬಾಯಿಬಿಟ್ಟು ಹೇಳಲ್ಲ, ಮನೆಗೆ ಹೋಗಿ ಹೆಂಡ್ತಿ ಹತ್ರ ‘ಪಾಪ, ಮೇಷ್ಟ್ರಿಗೆ ಅರಳು ಮರಳು ಶುರುವಾದಂಗಿದೆ’ ಅಂತಾರೆ. ನಾನು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಗಣಿತ ಹೇಳ್ಕೊಡ್ತಿದ್ದೆ. ನಾನೂ ನಮ್ಮ ಮನೆಯವರೂ ಬೆಂಗಳೂರಲ್ಲಿ ನಡೀತಿರೋ ಇಂಥದ್ದೊಂದು ಅಧ್ಯಯನಕ್ಕೆ ಸೇರ್ಕೊಂಡಿದೀವಿ, ಇಬ್ಬರಿಗೂ ದೇವರ ದಯದಿಂದ ಸದ್ಯಕ್ಕೆ ಮರೆವಿನ ಕಾಯಿಲೆ ಏನೂ ಇಲ್ಲ, ಏನೂ ಇಲ್ಲ ಅಂತಾನೇ ನಮ್ಮನ್ನ ತಗೊಂಡಿರೋದು. ಇದನ್ನ ಮದುವೆ ಮನೇಲಿ, ಬಸ್ ಸ್ಟ್ಯಾಂಡಲ್ಲಿ, ವಾಕಿಂಗ್ ಗುಂಪಲ್ಲಿ ವಿವರಿಸಿ ವಿವರಿಸಿ ಸಾಕಾಗಿ ಒಂದೇ ಸಲ ಪತ್ರಿಕೆಗೆ ಬರೆದುಬಿಡೋಣ ಅಂತ ಕೂತಿದೀನಿ. ಉದ್ದ ಆಗುತ್ತೆ, ಜಾಗ ಇಲ್ಲಾಂದ್ರೆ ಕತ್ತರಿ ಹಾಕಿ, ಬೇಜಾರಿಲ್ಲ.

ಮೊದಲು ಗೊಂದಲ ಎಲ್ಲಿದೆ ಅಂತ ಹೇಳ್ತೀನಿ. ಕ್ಲಿನಿಕಲ್ ರಿಸರ್ಚ್ ಅಂದ ತಕ್ಷಣ ನಮ್ಮ ಜನದ ಕಣ್ಮುಂದೆ ಬರೋದು ಸೂಜಿ, ಹೊಸ ಮಾತ್ರೆ, ಪಂಜರದ ಇಲಿ. ಔಷಧಿ ಕೊಟ್ಟು ನೋಡೋ ಟ್ರಯಲ್‌ಗಳೂ ಇವೆ, ಅವುಗಳ ವಿಚಾರ ಆಮೇಲೆ ಬರ್ತೀನಿ. ಇನ್ನೊಂದು ಥರದ ಸ್ಟಡಿ ಇದೆ, ಅಲ್ಲಿ ಯಾವ ಔಷಧಿನೂ ಕೊಡಲ್ಲ, ಬರೀ ಗಮನಿಸ್ತಾರೆ ಅಷ್ಟೇ. ಬಿಪಿ ನೋಡ್ತಾರೆ, ರಕ್ತ ತಗೋತಾರೆ, ಎಂಆರ್‌ಐ ಮಾಡ್ತಾರೆ, ನೆನಪಿನ ಪರೀಕ್ಷೆ ಮಾಡ್ತಾರೆ, ಏನು ತಿಂತೀರಿ ಎಷ್ಟೊತ್ತು ಮಲಗ್ತೀರಿ ಅಂತ ಬರ್ಕೋತಾರೆ, ಕಳಿಸ್ತಾರೆ, ಸ್ವಲ್ಪ ಸಮಯ ಬಿಟ್ಟು ಮತ್ತೆ ಕರೀತಾರೆ, ಮತ್ತೆ ಅದನ್ನೇ ಮಾಡ್ತಾರೆ. ವರ್ಷಗಟ್ಲೆ ಹಿಂಗೇ. ಯಾರಿಗೆ ಮುಂದೆ ಮರೆವು ಬಂತು, ಯಾರಿಗೆ ಬರ್ಲಿಲ್ಲ, ಬಂದೋರ ರಕ್ತದಲ್ಲೋ ಸ್ಕ್ಯಾನಲ್ಲೋ ಹತ್ತು ವರ್ಷ ಮೊದಲೇ ಏನಾದ್ರೂ ಸುಳಿವು ಇತ್ತಾ ಅಂತ ಹಿಂದಕ್ಕೆ ಹೋಗಿ ನೋಡೋದು. ಅದಕ್ಕೇ ಇದಕ್ಕೆ ಆರೋಗ್ಯವಾಗಿರೋರೇ ಬೇಕು. ಕಾಯಿಲೆ ಬಂದಮೇಲೆ ಹೋದ್ರೆ ಅವ್ರಿಗೆ ಬೇಕಾದ ಕಥೆಯ ಮೊದಲ ಅರ್ಧ ಸಿಗಲ್ಲ.

ಇದಕ್ಕೆ ಅಮೆರಿಕಾಗೆ ಹೋಗ್ಬೇಕಾಗಿಲ್ಲ, ಕೋಲಾರ ಜಿಲ್ಲೆ ಶ್ರೀನಿವಾಸಪುರ ಸಾಕು. ಮಾವಿನಹಣ್ಣಿಗೆ ಹೆಸರಾದ ಈ ತಾಲೂಕಿನ ಹಳ್ಳಿಗಳಲ್ಲಿ 2018ರಿಂದ ಸ್ಯಾನ್‌ಸ್ಕಾಗ್ ಅನ್ನೋ ಸ್ಟಡಿ ನಡೀತಿದೆ. ನಡೆಸ್ತಿರೋರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದಲ್ಲಿರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನೋರು. 45 ವರ್ಷ ದಾಟಿದ 10,000 ಹಳ್ಳಿ ಜನರನ್ನ ಸೇರಿಸ್ಕೊಂಡು ವರ್ಷಾನುಗಟ್ಲೆ ಗಮನಿಸ್ಬೇಕು ಅನ್ನೋ ಗುರಿ. ಅದರ ಜೊತೆಗೇ ಬೆಂಗಳೂರು ಸಿಟಿ ಜನರ ಮೇಲೆ ಟಾಟಾದವರ ನೆರವಲ್ಲಿ ಇನ್ನೊಂದು, ಅದು ಚಿಕ್ಕದು, ಗುರಿ 1,000 ಜನ. ಈ ಸೆಂಟರ್‌ಗೆ ದೊಡ್ಡ ಮೊತ್ತ ಕೊಟ್ಟಿರೋದು ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟು, 2022ರ ಜೂನಲ್ಲಿ ಪ್ರಧಾನಿ ಬಂದು ಕಟ್ಟಡ ಉದ್ಘಾಟನೆ ಮಾಡಿದ್ದು ನಿಮ್ಮ ಪೇಪರಲ್ಲೂ ಬಂದಿರುತ್ತೆ. ಉದ್ಘಾಟನೆ ಸುದ್ದಿ ಎಲ್ಲರೂ ಹಾಕ್ತಾರೆ ಬಿಡಿ. ಆದ್ರೆ ಹೊಲದ ಕೆಲಸ ಒಂದಿನ ಬಿಟ್ಟು, ಗಾಡಿ ಹತ್ತಿ ಬೆಂಗಳೂರಿಗೆ ಹೋಗಿ, ಆ ಮೆಷಿನ್ ಒಳಗೆ ಮಲಗಿ ಎದ್ದು ಬರೋ ರೈತರ ಸುದ್ದಿ ನಾನಂತೂ ಎಲ್ಲೂ ಓದಿಲ್ಲ.

ಇಷ್ಟೆಲ್ಲ ಯಾಕೆ ಬೇಕು, ಹೊರದೇಶದೋರು ಕಂಡುಹಿಡಿದಿರೋದನ್ನೇ ತಗೊಂಡ್ರೆ ಆಗಲ್ವಾ ಅಂತ ನಮ್ಮ ಅಳಿಯ ಕೇಳ್ದ. ಇಂಜಿನಿಯರು, ಬುದ್ಧಿವಂತ, ಆದ್ರೂ ಕೇಳ್ದ. ನೋಡಿ, ಬಿಪಿ ಜಾಸ್ತಿ ಇದ್ರೆ, ಕೊಲೆಸ್ಟ್ರಾಲ್ ಜಾಸ್ತಿ ಇದ್ರೆ, ಸಿಗರೇಟ್ ಸೇದಿದ್ರೆ ಹಾರ್ಟ್‌ಗೆ ಅಪಾಯ ಅಂತ ಇವತ್ತು ನಮ್ಮೂರ ಆಟೋ ಡ್ರೈವರೂ ಹೇಳ್ತಾನೆ. ಇದು ಗಟ್ಟಿಯಾಗಿ ಗೊತ್ತಾಗಿದ್ದು ಅಮೆರಿಕಾದ ಬಾಸ್ಟನ್ ಹತ್ರ ಫ್ರೇಮಿಂಗ್‌ಹ್ಯಾಮ್ ಅನ್ನೋ ಊರಿನ ಜನರಿಂದ. 1948ರಲ್ಲಿ ಆ ಊರಿನ 5,209 ಜನ ಹೆಸರು ಕೊಟ್ರು, 1971ರಲ್ಲಿ ಅವ್ರ ಮಕ್ಕಳು ಸೇರಿದ್ರು, 2002ರಲ್ಲಿ ಮೊಮ್ಮಕ್ಕಳು ಸೇರಿದ್ರು. ಮೂರು ತಲೆಮಾರು! ನಮ್ಮ ಶುಗರ್ ಡಾಕ್ಟ್ರು ನಂಗೆ ಬರೆಯೋ ಮಾತ್ರೆ ಹಿಂದೆ ಆ ಯಾರೋ ಗುರುತಿಲ್ಲದ ಜನರ ಋಣ ಇದೆ. ಆದ್ರೆ ಅವ್ರು ಬಹುಪಾಲು ಬಿಳಿಯರು, ಅವ್ರ ಊಟ ಬೇರೆ, ಮೈಕಟ್ಟು ಬೇರೆ, ಓದು ಬೇರೆ, ಭಾಷೆ ಒಂದೇ. ನಮ್ಮ ಕೋಲಾರದ ಕಡೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೇಲಿ ಉರ್ದು ತಮಿಳು ಎಲ್ಲಾ ಆಡಿಬಿಡ್ತೀವಿ. ಇದರಿಂದ ಮೆದುಳಿಗೆ ಏನಾದ್ರೂ ವ್ಯತ್ಯಾಸ ಆಗುತ್ತಾ ಅಂತ ಫ್ರೇಮಿಂಗ್‌ಹ್ಯಾಮ್‌ನೋರನ್ನ ಕೇಳಿದ್ರೆ ಅವ್ರೇನು ಹೇಳ್ತಾರೆ. ಹೈದರಾಬಾದಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತವರ ತಂಡ ಮರೆವಿನ ಕಾಯಿಲೆ ಇರೋ 648 ಜನರ ವಿವರ ಇಟ್ಕೊಂಡು ಇದನ್ನೇ ನೋಡಿದ್ರು, 2013ರಲ್ಲಿ ಪ್ರಕಟ ಮಾಡಿದ್ರು. ಎರಡು ಅಥವಾ ಹೆಚ್ಚು ಭಾಷೆ ಆಡೋರಿಗೆ ಒಂದೇ ಭಾಷೆ ಆಡೋರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಯಿಲೆ ಕಾಣಿಸ್ಕೊಂಡಿತ್ತು, ಅದೂ ಓದು ಬರಹ ಇಲ್ದೋರಲ್ಲೂ ಈ ವ್ಯತ್ಯಾಸ ಇತ್ತು. ಓದಿದ್ರಿಂದ ಹಂಗಾಯ್ತು ಅಂತ ತಳ್ಳಿಹಾಕೋಕೆ ಆಗಲ್ಲ ಅಂತಾಯ್ತು. ಇಂಥ ಲೆಕ್ಕ ಹಾಕ್ಬೇಕಂದ್ರೆ ಓದು ಬರಹ ಇಲ್ದೇ ಮೂರ್ಮೂರು ಭಾಷೆ ಆಡೋ ಜನ ಬೇಕು, ಅವ್ರು ಇರೋದು ನಮ್ಮಲ್ಲಿ.

ಕಾಯಿಲೆ ಏನೂ ಸಣ್ಣದಲ್ಲ. 2023ರಲ್ಲಿ ಬಂದ ದೇಶದ ದೊಡ್ಡ ಸಮೀಕ್ಷೆ ಪ್ರಕಾರ 60 ದಾಟಿದೋರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ, ಅಂದ್ರೆ ಈ ಮರೆವಿನ ಕಾಯಿಲೆ, ಒಟ್ಟು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಸಿಟಿಗಿಂತ ಹಳ್ಳೀಲಿ ಜಾಸ್ತಿ. ‘ವಯಸ್ಸಾಯ್ತು, ಇದೆಲ್ಲಾ ಇದ್ದಿದ್ದೇ’ ಅಂತ ನಾವು ಮೂಲೆಗೆ ಕೂರಿಸೋ ಅಜ್ಜಿಯರು ಇವ್ರೇ. ಇನ್ನೊಂದು ಕಡೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ್ದು ನೋಡಿದ್ರೆ ಸ್ವಲ್ಪ ಧೈರ್ಯ ಬರುತ್ತೆ, ಬಿಪಿ, ಶುಗರ್, ಕಿವಿ ಮಂದ ಆಗೋದು, ಕೊಲೆಸ್ಟ್ರಾಲ್, ಒಂಟಿತನ, ಗಾಳಿ ಮಾಲಿನ್ಯ ಇಂಥ 14 ಕಾರಣಗಳನ್ನ ಸರಿ ಮಾಡಿದ್ರೆ ಜಗತ್ತಲ್ಲಿ ಹತ್ತಿರ ಹತ್ತಿರ 45 ಪರ್ಸೆಂಟ್ ಡಿಮೆನ್ಷಿಯಾ ತಡೀಬಹುದು ಇಲ್ಲಾ ಮುಂದೂಡಬಹುದು ಅಂತ. ಆ 14ರಲ್ಲಿ ನಮ್ಮ ಹಳ್ಳಿಗೆ ಯಾವುದು ಎಷ್ಟು ಭಾರ? ಒಲೆ ಹೊಗೆ ಎಷ್ಟು, ಬರೀ ಮುದ್ದೆ ಅನ್ನ ತಿನ್ನೋದು ಎಷ್ಟು, ಬಿ12 ಕೊರತೆ ಎಷ್ಟು? ನಮ್ಮೋರನ್ನ ನೋಡದೆ ಯಾರೂ ಹೇಳೋಕಾಗಲ್ಲ.

ಈ ನೆನಪಿನ ಪರೀಕ್ಷೆ ಬಗ್ಗೆ ಒಂದು ಮಾತು. ನಮ್ಮ ಚಿಕ್ಕಮ್ಮ ಒಬ್ರಿದ್ರು, ಸ್ಕೂಲ್ ಮೆಟ್ಟಿಲು ಹತ್ತಿದೋರಲ್ಲ. ಅವ್ರನ್ನ ಒಂದು ಆಸ್ಪತ್ರೇಲಿ ಒಬ್ಬ ಹುಡುಗ ಕೂರಿಸ್ಕೊಂಡು ಕೈಗೆ ಪೆನ್ನು ಕೊಟ್ಟು ‘ಅಜ್ಜಿ, ಒಂದು ಗಡಿಯಾರ ಬರೀರಿ, ಹನ್ನೊಂದು ಹತ್ತು ತೋರ್ಸಿ’ ಅಂದ. ಅವ್ರು ಪೆನ್ನನ್ನ ಊದುಬತ್ತಿ ಹಿಡಿದಂಗೆ ಹಿಡ್ಕೊಂಡು ನನ್ನ ಮುಖ ನೋಡಿದ್ರು. ಆಮೇಲೆ ನೂರರಿಂದ ಏಳೇಳು ಕಳೀತಾ ಹೋಗಿ ಅಂದ, ಅವ್ರು ಸುಮ್ನಾದ್ರು. ಹುಡುಗ ಏನೋ ಕಡಿಮೆ ನಂಬರ್ ಹಾಕ್ಕೊಂಡ. ಅದೇ ಚಿಕ್ಕಮ್ಮ ಇಪ್ಪತ್ತು ಹೆಂಗಸರ ಚೀಟಿ ಲೆಕ್ಕ ಬಾಯಲ್ಲೇ ಇಟ್ಕೊಂಡಿದ್ರು, ಯಾರು ಯಾವ ತಿಂಗಳು ಕೂಗಿದ್ರು, ಎಷ್ಟಕ್ಕೆ ಕೂಗಿದ್ರು, ಯಾರದ್ದು ಎಷ್ಟು ಬಾಕಿ, ಒಂದು ರೂಪಾಯಿ ಆಚೀಚೆ ಇಲ್ಲ. ನಾನು ಗಣಿತದ ಮೇಷ್ಟ್ರು, ನಂಗೆ ಪೇಪರ್ ಬೇಕಿತ್ತು. ಪ್ರಪಂಚದ ತುಂಬಾ ಓಡಾಡ್ತಿರೋ 30 ಅಂಕದ ಪರೀಕ್ಷೆ 1975ರಲ್ಲಿ ಅಮೆರಿಕಾದಲ್ಲಿ ಆಗಿದ್ದು, ಓದು ಬಂದೋರಿಗೆ ಮಾಡಿದ್ದು. ಅದನ್ನ ಓದು ಬರದ ಹಿರಿಯರಿಗೆ ಹೊಂದೋ ಹಂಗೆ ಹಿಂದಿಯಲ್ಲಿ ಬದಲಾಯಿಸಿದ್ದು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ತಂಡ, 1990ರ ದಶಕದಲ್ಲಿ. ಈಗ ಐಸಿಎಂಆರ್‌ನೋರು ಕನ್ನಡವೂ ಸೇರಿ ಐದು ಭಾಷೇಲಿ ಪರೀಕ್ಷೆ ಮಾಡಿಸಿದ್ದಾರೆ, ಒಳ್ಳೇದು. ಆದ್ರೆ ಕನ್ನಡದಲ್ಲಿ ಪ್ರಶ್ನೆ ಬರೆದ ಮಾತ್ರಕ್ಕೆ ಆಗ್ಲಿಲ್ಲ, ಎಷ್ಟು ಅಂಕ ಬಂದ್ರೆ ಸರಿ, ಎಷ್ಟು ಬಂದ್ರೆ ಗಾಬರಿ ಅನ್ನೋ ಗೆರೆ ಎಲ್ಲಿ ಎಳೀಬೇಕು ಅಂತ ಗೊತ್ತಾಗೋಕೆ ನಮ್ಮ ಚಿಕ್ಕಮ್ಮನಂಥ ಆರೋಗ್ಯವಂತ ಹೆಂಗಸರು ಸಾವಿರಾರು ಜನ ಬಂದು ಪರೀಕ್ಷೆ ಕೊಡ್ಬೇಕು. ಅವ್ರು ಬರದಿದ್ರೆ ಓದಿದೋರ ಗೆರೇನೇ ಅವ್ರಿಗೂ.

ಇಲ್ಲೇ ಇನ್ನೊಂದು ವಿಚಾರ. ಇಂಥದ್ದಕ್ಕೆ ಹೆಸರು ಕೊಡೋರು ಯಾರು? ನನ್ನಂಥೋರು. ಪೆನ್ಷನ್ ಇರೋರು, ಪೇಪರ್ ಓದೋರು, ಬೆಳಿಗ್ಗೆ ಎದ್ದು ವಾಕಿಂಗ್ ಹೋಗೋರು. ಬ್ರಿಟನ್ನಲ್ಲಿ ಯುಕೆ ಬಯೋಬ್ಯಾಂಕ್ ಅಂತ ಇಂಥದ್ದೇ ಒಂದು ದೊಡ್ಡ ಸ್ಟಡಿ ಮಾಡಿದ್ರು, 90 ಲಕ್ಷಕ್ಕೂ ಹೆಚ್ಚು ಜನಕ್ಕೆ ಕಾಗದ ಹಾಕಿದ್ರು, ಬಂದಿದ್ದು 5 ಲಕ್ಷ, ಬಂದೋರು ಉಳಿದ ಜನಕ್ಕಿಂತ ಆರೋಗ್ಯವಂತರು, ಸಿಗರೇಟ್ ಕಡಿಮೆ ಸೇದೋರು ಅಂತ ಆಮೇಲೆ ಗೊತ್ತಾಯ್ತು. ಅಷ್ಟು ಮುಂದುವರಿದ ದೇಶಕ್ಕೇ ಹಂಗಾದ್ರೆ ನಮ್ಮ ಗತಿ ಯೋಚ್ನೆ ಮಾಡಿ. ಅದಕ್ಕಿಂತ ಕಷ್ಟದ್ದು ಫಾಲೋಅಪ್, ಅಂದ್ರೆ ಬಂದೋರನ್ನೇ ಮತ್ತೆ ಮತ್ತೆ ಕರೆದು ನೋಡೋದು. ನಮ್ಮ ಸ್ಟಡೀಲೇ ಒಬ್ರು ರಿಟೈರ್ಡ್ ಕಂಡಕ್ಟರ್ ಇದ್ರು, ಮೊದಲ ಸಲ ನಗ್ತಾ ನಗಿಸ್ತಾ ಇದ್ದೋರು ಮುಂದಿನ ಸಲ ಬರ್ಲಿಲ್ಲ. ಫೋನ್ ಮಾಡಿದ್ರೆ ಮಗ ‘ಅಪ್ಪಂಗೆ ಈಗ ಸ್ವಲ್ಪ ಮರೆವು ಜಾಸ್ತಿ ಅಂಕಲ್, ಇನ್ಯಾಕೆ ಅಲ್ಲಿಗೆಲ್ಲಾ, ಅವಮಾನ ಆಗುತ್ತೆ’ ಅಂದ. ನಂಗೆ ತಲೆ ಚಚ್ಕೊಳ್ಳೋ ಹಂಗಾಯ್ತು. ಯಾರಿಗೆ ಮರೆವು ಶುರುವಾಯ್ತೋ ಅವ್ರೇ ಬಿಟ್ಟುಹೋದ್ರೆ ಉಳಿದೋರ ಅಂಕ ನೋಡಿ ಎಲ್ಲಾ ಚೆನ್ನಾಗಿದೆ ಅಂತ ಅನಿಸುತ್ತೆ. ಪರೀಕ್ಷೆ ದಿನ ದಡ್ಡ ಹುಡುಗ್ರೆಲ್ಲಾ ಚಕ್ಕರ್ ಹೊಡೆದ್ರೆ ಕ್ಲಾಸಿನ ಸರಾಸರಿ ಏರುತ್ತಲ್ಲ, ಹಾಗೆ. ಇನ್‌ಸ್ಪೆಕ್ಟರ್ ಬಂದು ಭೇಷ್ ಅಂದುಹೋಗ್ತಾರೆ, ನಿಜ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಸೇರೋದಾದ್ರೆ ಮನೆಯವರಿಗೆ ಮೊದಲೇ ಹೇಳಿಡಿ, ನಾಳೆ ನಂಗೆ ಮರೆವು ಬಂದ್ರೆ ಆಗ್ಲೇ ಕರ್ಕೊಂಡು ಹೋಗ್ಬೇಕು ಅಂತ. ನಾನು ಮಗಳಿಗೆ ಹೇಳಿದೀನಿ, ಅವ್ಳು ಬೈದ್ಲು, ಆದ್ರೂ ಹೇಳಿದೀನಿ.

ಆ ದಿನ ಅಲ್ಲಿ ಏನಾಗುತ್ತೆ ಅಂತ ತುಂಬಾ ಜನ ಕೇಳ್ತಾರೆ. ಖಾಲಿ ಹೊಟ್ಟೇಲಿ ಹೋಗ್ಬೇಕು, ರಕ್ತ ತಗೊಂಡ ಮೇಲೆ ಇಡ್ಲಿ ಕೊಡ್ತಾರೆ. ಕಣ್ಣಿನ ಹಿಂಭಾಗದ ಫೋಟೋ, ಕಿವಿ ಪರೀಕ್ಷೆ, ಕತ್ತಿನ ರಕ್ತನಾಳದ ಸ್ಕ್ಯಾನು, ನಡಿಗೆ ಹೆಂಗಿದೆ ಅಂತ ನಡೆಸಿ ನೋಡೋದು, ಎಲ್ಲಾ ಇರುತ್ತೆ. ಎಂಆರ್‌ಐನಲ್ಲಿ ಎಕ್ಸ್‌ರೇ ಥರ ವಿಕಿರಣ ಇಲ್ಲ, ಅದು ಅಯಸ್ಕಾಂತದ ಕೆಲಸ, ಆದ್ರೆ ಸದ್ದು ಅಂದ್ರೆ ಸದ್ದು, ಬೋರ್‌ವೆಲ್ ಲಾರಿ ಪಕ್ಕ ಮಲಗಿದಂಗೆ. ಪೇಸ್‌ಮೇಕರ್ ಇರೋರು, ಮೈಯಲ್ಲಿ ಲೋಹದ ಚೂರು ಇರೋರು ಮೊದಲೇ ಹೇಳ್ಲೇಬೇಕು. ನಮ್ಮ ಮನೆಯವರಿಗೆ ಬಂದಿದ್ದು ಬೇರೆ ಕಷ್ಟ. ತಾಳಿ, ಕಾಲುಂಗುರ, ಮೂಗುಬೊಟ್ಟು ಎಲ್ಲಾ ತೆಗೀಬೇಕು ಅಂದ್ರು. ತಾಳಿ ತೆಗೆಯಲ್ಲ ಅಂತ ಇವ್ರು ಕೂತ್ಬಿಟ್ರು. ಅಲ್ಲಿದ್ದ ನರ್ಸಮ್ಮ ಒಬ್ರು, ಹಾಸನದ ಕಡೆಯೋರು, ಏನೂ ವಾದ ಮಾಡದೆ ಡ್ರಾಯರಿಂದ ಒಂದು ಅರಿಶಿನದ ಕೊಂಬು ದಾರ ತೆಗೆದು ‘ಇದನ್ನ ಕಟ್ಕೊಳ್ಳಿ ಅಮ್ಮ, ಇದು ಒಳಗೆ ಹೋಗ್ಬೋದು’ ಅಂದ್ರು. ಕಾಲುಂಗುರ ಮಾತ್ರ ಬೆರಳಲ್ಲಿ ಹೂತುಹೋಗಿತ್ತು, ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಿದ್ದಾಯ್ತು. ಈ ಅರಿಶಿನದ ಕೊಂಬು ಯಾವ ಪ್ರೋಟೋಕಾಲಲ್ಲೂ ಬರೆದಿರಲ್ಲ, ಆದ್ರೆ ಅದು ಇಲ್ದಿದ್ರೆ ಎಷ್ಟು ಹೆಂಗಸರು ಬಾಗಿಲ ತನಕ ಬಂದು ವಾಪಸ್ ಹೋಗ್ತಿದ್ರೋ.

ಈಗ ಭಯದ ವಿಚಾರ. ಜನ ಹೆದರೋದು ಸುಮ್ಸುಮ್ನೆ ಅಂತ ನಾನು ಹೇಳಲ್ಲ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತೆ ಗುಜರಾತಿನ ವಡೋದರಾದಲ್ಲಿ 10ರಿಂದ 14 ವಯಸ್ಸಿನ ಸಾವಿರಾರು ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಕೊಟ್ಟು ಸ್ಟಡಿ ಮಾಡಿದ್ರಲ್ಲ, ಅದರಲ್ಲಿ ಏಳು ಮಕ್ಕಳು ತೀರ್ಕೊಂಡ್ರು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣ್ಸಲ್ಲ ಅಂತ ಸರ್ಕಾರದ ತನಿಖೆ ಹೇಳ್ತು, ಲಸಿಕೆನೂ ಒಳ್ಳೇದೇ, ನನ್ನ ಮೊಮ್ಮಗಳಿಗೂ ಹಾಕ್ಸಿದೀವಿ. ಆದ್ರೆ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್ನು, ಹೆಡ್‌ಮಾಸ್ಟ್ರು ಸೈನ್ ಹಾಕಿದ್ರು ಅನ್ನೋದು ಸಂಸತ್ತಿನ ಸಮಿತಿ 2013ರಲ್ಲಿ ಕೊಟ್ಟ ವರದೀಲಿದೆ. ಹೆಡ್‌ಮಾಸ್ಟ್ರು ಅಂತ ಓದ್ದಾಗ ನಂಗೆ ಮೈ ಜುಮ್ಮಂತು, ಯಾಕಂದ್ರೆ ಮೇಲಿನಿಂದ ಆರ್ಡರ್ ಬಂದ್ರೆ ಸೈನ್ ಹಾಕೋದು ನಮಗೆಲ್ಲಾ ಅಭ್ಯಾಸ. ಅದೇ ಹೊತ್ತಲ್ಲಿ ಸುಪ್ರೀಂ ಕೋರ್ಟೂ ಔಷಧಿ ಟ್ರಯಲ್‌ಗಳ ಬಗ್ಗೆ ಸರ್ಕಾರಕ್ಕೆ ಚೆನ್ನಾಗಿ ಬಿಸಿ ಮುಟ್ಟಿಸ್ತು.

ಅದಾದ್ಮೇಲೆ ನಿಯಮ ಬಿಗಿ ಆಗಿದೆ, 2019ರಲ್ಲಿ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅಂತಾನೇ ಬಂತು. ಸ್ಟಡಿ ನ್ಯಾಯವಾಗಿದ್ಯಾ ಅಂತ ನೋಡೋ ಎಥಿಕ್ಸ್ ಕಮಿಟಿ ಒಪ್ಪದೆ ಏನೂ ಶುರು ಮಾಡೋ ಹಾಗಿಲ್ಲ, ಆ ಕಮಿಟೀಲಿ ಕಡೇಪಕ್ಷ ಏಳು ಜನ ಇರಬೇಕು, ಅದರಲ್ಲಿ ಒಬ್ರು ಕಾನೂನು ಗೊತ್ತಿರೋರು, ಒಬ್ರು ಹೆಂಗಸು, ಒಬ್ರು ನಿಮ್ಮ ನಮ್ಮಂಥ ಸಾಮಾನ್ಯ ಜನ, ಅರ್ಧದಷ್ಟಾದ್ರೂ ಆ ಸಂಸ್ಥೆಗೆ ಸೇರದೋರು. ಓದೋಕೆ ಬರದೋರಿಗೆ ಒಪ್ಪಿಗೆ ಪತ್ರ ಓದಿ ಹೇಳುವಾಗ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಕೂತಿರಬೇಕು, ಬರೀ ಕೊನೇಲಿ ಬಂದು ಸೈನ್ ಹಾಕೋದಲ್ಲ. ಔಷಧಿ ಟ್ರಯಲಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಚಿಕಿತ್ಸೆ ಪುಕ್ಕಟೆ, ಟ್ರಯಲಿಂದಾನೇ ಪ್ರಾಣ ಹೋದ್ರೆ ಪರಿಹಾರ ಲೆಕ್ಕ ಹಾಕೋಕೆ ಸೂತ್ರಾನೇ ಇದೆ, 8 ಲಕ್ಷ ಮೂಲ ಮೊತ್ತ ಇಟ್ಕೊಂಡು ವಯಸ್ಸು ಮತ್ತೆ ಕಾಯಿಲೆ ತೀವ್ರತೆ ಮೇಲೆ. ಅಲ್ದೆ ಸಿಟಿಆರ್‌ಐ ಅನ್ನೋ, ಇಂಥ ಸ್ಟಡಿಗಳ ಸರ್ಕಾರಿ ನೋಂದಣಿ ಇದೆ, 2007ರಲ್ಲಿ ಶುರುವಾಗಿದ್ದು, 2009ರ ಜೂನ್‌ನಿಂದ ಔಷಧಿ ಟ್ರಯಲ್‌ಗಳಿಗೆ ಕಡ್ಡಾಯ. ಮೊಬೈಲಲ್ಲೇ ನೋಡ್ಬೋದು, ಯಾವ ಸ್ಟಡಿ, ಯಾವ ಊರು, ಯಾವ ಆಸ್ಪತ್ರೆ, ಯಾರಿಗೆ ಅರ್ಹತೆ, ಎಥಿಕ್ಸ್ ಕಮಿಟಿ ಒಪ್ಪಿದ್ಯಾ, ಎಲ್ಲಾ ಇರುತ್ತೆ. ನಿಮ್ಮನ್ನ ಯಾರಾದ್ರೂ ಕರೆದ್ರೆ ಮೊದಲು ಆ ನೋಂದಣಿ ನಂಬರ್ ಕೇಳಿ. ಕೊಡೋಕೆ ತಡವರಿಸಿದ್ರೆ ಎದ್ದು ಬನ್ನಿ.

ನಂಬರ್ ಕೊಟ್ರು ಅಂತಿಟ್ಕೊಳ್ಳಿ, ಆಮೇಲೂ ಸುಮ್ನಿರಬೇಡಿ. ಇದು ಚಿಕಿತ್ಸೇನಾ ಅಧ್ಯಯನಾನಾ ಅಂತ ಕೇಳಿ, ಯಾಕಂದ್ರೆ ನಮ್ಮ ಜನ ಇದನ್ನ ಫ್ರೀ ಚೆಕಪ್ ಅಂದ್ಕೊಂಡು ಹೋಗ್ತಾರೆ, ಬಿಪಿ ಶುಗರ್ ಪತ್ತೆ ಆಗೋದೇನೋ ನಿಜ, ಆದ್ರೆ ಅವ್ರು ನಿಮ್ಮ ಡಾಕ್ಟ್ರಲ್ಲ, ಮಂಡಿ ನೋವಿಗೆ ಮಾತ್ರೆ ಬರೆಯಲ್ಲ. ಸ್ಕ್ಯಾನಲ್ಲಿ ನೀವು ಹುಡುಕದೇ ಇರೋದೇನಾದ್ರೂ ಕಂಡ್ರೆ, ಗೆಡ್ಡೆನೋ ಹಳೇ ಸ್ಟ್ರೋಕೋ, ನಂಗೆ ಹೇಳ್ತೀರಾ, ಯಾರು ಹೇಳ್ತಾರೆ, ಎಷ್ಟು ದಿನದೊಳಗೆ ಅಂತ ಕೇಳಿ. ನಂಗೆ ಗೊತ್ತಾಗೋದು ಬೇಡ ಅನ್ನೋರೂ ಇರ್ತಾರೆ, ಅದನ್ನೂ ಮೊದಲೇ ಹೇಳಿ. ನನ್ನ ರಕ್ತ, ನನ್ನ ಜೀನ್ ವಿವರ ಎಲ್ಲಿರುತ್ತೆ, ಎಷ್ಟು ವರ್ಷ, ಹೊರಗಿನ ಕಂಪನಿಗೆ ಕೊಡ್ತೀರಾ ಅಂತ ಕೇಳಿ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಬಂದಿದೆ ಅಂತ ನೆಮ್ಮದಿಯಾಗಿರಬೇಡಿ, ಅದರಲ್ಲಿ ಸಂಶೋಧನೆಗೆ ವಿನಾಯ್ತಿ ಇದೆ, ಹಾಗಾಗಿ ಒಪ್ಪಿಗೆ ಪತ್ರದಲ್ಲಿ ಬರೆದಿರೋದೇ ನಮಗೆ ಗಟ್ಟಿ. ಆ ಪತ್ರದ ಒಂದು ಕಾಪಿ ಕೈಗೆ ತಗೊಂಡೇ ಬನ್ನಿ. ಮಧ್ಯದಲ್ಲಿ ಬಿಡ್ಬೇಕು ಅನ್ಸಿದ್ರೆ ಕಾರಣ ಹೇಳದೇ ಬಿಡ್ಬೋದು, ಅದಕ್ಕೆ ಯಾರೂ ಮುಖ ಸಿಂಡರಿಸೋ ಹಾಗಿಲ್ಲ, ನಿಮ್ಮ ಮಾಮೂಲಿ ಚಿಕಿತ್ಸೆಗೂ ತೊಂದ್ರೆ ಮಾಡೋ ಹಾಗಿಲ್ಲ.

ದುಡ್ಡಿನ ವಿಚಾರ ಬೇಗ ಮುಗಿಸ್ತೀನಿ. ಇಂಥ ಸ್ಟಡಿಗಳಲ್ಲಿ ಬಸ್ ಚಾರ್ಜು, ಊಟ, ಕೆಲವು ಕಡೆ ಅವತ್ತಿನ ಕೂಲಿ ಕೊಡ್ತಾರೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ. ದುಡ್ಡಿಗಾಗಿ ಹೋಗೋದು ಬೇರೆ, ಮಾರ್ಕೆಟಲ್ಲಿರೋ ಮಾತ್ರೆಯ ಇನ್ನೊಂದು ಕಂಪನಿ ನಕಲು ಸರಿಯಾಗಿ ಕೆಲಸ ಮಾಡುತ್ತಾ ಅಂತ ಆರೋಗ್ಯವಂತ ಹುಡುಗ್ರಿಗೆ ಕೊಟ್ಟು ರಕ್ತ ತಗೋತಾರಲ್ಲ, ಅದು. ಕೆಲವು ಹುಡುಗ್ರು ಒಂದು ಮುಗಿದ ತಕ್ಷಣ ಹೆಸರು ಮರೆಮಾಚಿ ಇನ್ನೊಂದಕ್ಕೆ ಹೋಗ್ತಾರೆ, ಮೈಗೂ ಕೆಟ್ಟದ್ದು, ಲೆಕ್ಕಕ್ಕೂ ಕೆಟ್ಟದ್ದು. ನಮ್ಮ ಹಳೇ ವಿದ್ಯಾರ್ಥಿ ಒಬ್ಬ ಹಂಗೆ ಮಾಡ್ತಿದ್ದ, ಕರೆದು ಬೈದಿದೀನಿ.

ಔಷಧಿ ಟ್ರಯಲ್ ಬಗ್ಗೆ ಹೇಳ್ತೀನಿ ಅಂದಿದ್ನಲ್ಲ. ಮರೆವಿನ ಕಾಯಿಲೆಗಳಲ್ಲಿ ಒಂದಾದ ಅಲ್ಜೈಮರ್‌ಗೆ ಲೆಕನೆಮ್ಯಾಬ್ ಅನ್ನೋ ಔಷಧಿಗೆ ಅಮೆರಿಕಾದೋರು 2023ರಲ್ಲಿ ಒಪ್ಪಿಗೆ ಕೊಟ್ರು, ಅದರ ಹಿಂದೆ 1,795 ಜನ ಒಂದೂವರೆ ವರ್ಷ ಟ್ರಯಲಲ್ಲಿದ್ರು. ಅರ್ಧ ಜನಕ್ಕೆ ನಿಜವಾದ ಔಷಧಿ, ಅರ್ಧ ಜನಕ್ಕೆ ಖಾಲಿ ಡ್ರಿಪ್ಪು, ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ ಡಾಕ್ಟ್ರಿಗೂ ಗೊತ್ತಿಲ್ಲ. ಕಾಯಿಲೆ ನಿಲ್ಲಲಿಲ್ಲ, ಹದಗೆಡೋ ವೇಗ 27 ಪರ್ಸೆಂಟ್ ಕಡಿಮೆ ಆಯ್ತು, ಕೆಲವರಿಗೆ ಮೆದುಳಲ್ಲಿ ಊತ, ಸಣ್ಣ ರಕ್ತಸ್ರಾವ ಕಾಣಿಸ್ತು. ಇಂಥದ್ದಕ್ಕೆ ಸೇರೋದು ನಮ್ಮಂಥ ಬರೀ ನೋಡೋ ಸ್ಟಡಿಗೆ ಸೇರಿದಷ್ಟು ಸುಲಭದ ತೀರ್ಮಾನ ಅಲ್ಲ, ಮನೆಯವರ ಜೊತೆ ಕೂತು, ನಿಮ್ಮ ಸ್ವಂತ ಡಾಕ್ಟ್ರನ್ನ ಕೇಳಿ, ಒಂದೆರಡು ರಾತ್ರಿ ಮಲಗಿ ಎದ್ದು ಹೇಳಿ. ನಂಗೆ ಖಾಲಿ ಡ್ರಿಪ್ಪು ಬಂದ್ರೆ ಮೋಸ ಅಲ್ವಾ ಅಂತ ಒಬ್ರು ಕೇಳಿದ್ರು. ಮೊದಲೇ ಹೇಳಿ ಮಾಡಿದ್ರೆ ಅದು ಮೋಸ ಹೆಂಗಾಗುತ್ತೆ, ಹೇಳದೇ ಮಾಡಿದ್ರೆ ಮೋಸ.

ಈಗ ಸಂಸ್ಥೆಗಳಿಗೂ ಎರಡು ಮಾತು ಹೇಳ್ಲೇಬೇಕು, ಬರೀ ಜನಕ್ಕೆ ಉಪದೇಶ ಮಾಡಿದ್ರೆ ಸರಿಯಲ್ಲ. ನಾವಿರೋ ಸ್ಟಡಿ ಹೆಸರು ಹೇಳಲ್ಲ, ಅವ್ರು ಒಳ್ಳೇ ಜನಾನೇ. ಆದ್ರೆ ರಿಪೋರ್ಟ್ ಬಂದಿದ್ದು ಇಂಗ್ಲಿಷಲ್ಲಿ. ‘ಏಜ್ ರಿಲೇಟೆಡ್ ವೈಟ್ ಮ್ಯಾಟರ್ ಚೇಂಜಸ್’ ಅಂತ ಒಂದು ಸಾಲು ಇತ್ತು. ನಂಗೇ ಎದೆ ಧಸಕ್ಕಂತು, ನಮ್ಮ ಮನೆಯವರು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಮಗಳ ಪರಿಚಯದ ಡಾಕ್ಟ್ರ ಹತ್ರ ಕೇಳಿದ್ರೆ ‘ಅಂಕಲ್, ನಿಮ್ಮ ವಯಸ್ಸಿಗೆ ತಲೆಕೂದಲು ಬೆಳ್ಳಗಾದಷ್ಟೇ ಮಾಮೂಲು’ ಅಂದ್ರು. ಇದೊಂದು ಮಾತನ್ನ ಸ್ಟಡಿಯೋರು ಫೋನ್ ಮಾಡಿ ಹೇಳ್ಬೋದಿತ್ತು. ಒಪ್ಪಿಗೆ ಪತ್ರದ ಕನ್ನಡ ಅಂತೂ ಬಿಡಿ, ‘ಸದರಿ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿದ್ದು’ ಅಂತ ಶುರುವಾಗಿ ಹದಿನಾರು ಪುಟ, ತಹಶೀಲ್ದಾರ್ ಆಫೀಸ್ ನೋಟಿಸ್ ಥರ. ಸೇರೋದು ನಿಮ್ಮಿಷ್ಟ, ಬಲವಂತ ಇಲ್ಲ ಅಂತ ಬರೆದ್ರೆ ಕಾನೂನಿಗೆ ಏನು ನಷ್ಟ? ಇನ್ನೊಂದು, ನಮ್ಮಿಂದ ರಕ್ತ ಸ್ಕ್ಯಾನ್ ಎಲ್ಲಾ ತಗೊಂಡು ಏನು ಕಂಡುಹಿಡಿದ್ರಿ ಅಂತ ನಮಗೆ ಹೇಳೋರಿಲ್ಲ, ಅದು ಹೊರದೇಶದ ಜರ್ನಲಲ್ಲಿ ಬರುತ್ತೆ. ವರ್ಷಕ್ಕೊಂದು ಸಲ ಹಳ್ಳಿ ಸಮುದಾಯ ಭವನದಲ್ಲಿ ಎಲ್ಲರನ್ನೂ ಕೂರಿಸಿ, ನಿಮ್ಮೂರಲ್ಲಿ ಇಷ್ಟು ಜನಕ್ಕೆ ಗೊತ್ತಿಲ್ದೇನೇ ಬಿಪಿ ಇತ್ತು, ಕಿವಿ ಕೇಳ್ಸದೋರು ಇಷ್ಟು ಜನ ಅಂತ ಕನ್ನಡದಲ್ಲೋ ತೆಲುಗಲ್ಲೋ ಹೇಳಿ ಒಂದು ಕಪ್ ಕಾಫಿ ಕೊಟ್ರೆ, ಮುಂದಿನ ಫಾಲೋಅಪ್‌ಗೆ ಫೋನ್ ಮೇಲೆ ಫೋನ್ ಮಾಡೋ ಕೆಲಸಾನೇ ಇರಲ್ಲ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ತಾರೆ. ಅಮೆರಿಕಾದಲ್ಲಿ 678 ಕ್ರೈಸ್ತ ಸನ್ಯಾಸಿನಿಯರು ಬದುಕಿರೋವಾಗ ಪರೀಕ್ಷೆ ಕೊಟ್ಟು, ಸತ್ತ ಮೇಲೆ ಮೆದುಳನ್ನೂ ಕೊಡ್ತೀವಿ ಅಂತ ಒಪ್ಪಿದ್ರು. ಕೆಲವರ ಮೆದುಳಲ್ಲಿ ಅಲ್ಜೈಮರ್ ಗುರುತುಗಳು ತುಂಬಾ ಇದ್ರೂ ಬದುಕಿದ್ದಾಗ ಮರೆವೇ ಇರ್ಲಿಲ್ಲ ಅಂತ ಗೊತ್ತಾಗಿದ್ದು ಅವ್ರಿಂದ. ನಮ್ಮ ನಿಮ್ಹಾನ್ಸಲ್ಲೂ 1995ರಿಂದ ಮೆದುಳು ಬ್ಯಾಂಕ್ ಇದೆ, ಮ್ಯೂಸಿಯಮ್ಮೂ ಇದೆ, ನಿಜವಾದ ಮೆದುಳನ್ನ ಕೈಯಲ್ಲಿ ಮುಟ್ಟಿ ನೋಡೋಕೂ ಬಿಡ್ತಾರೆ, ಶಾಲಾ ಮಕ್ಕಳನ್ನ ಕರ್ಕೊಂಡು ಹೋಗಿ ತೋರಿಸ್ಬೇಕಾದ ಜಾಗ. ಕಣ್ಣು ದಾನ ಅಂದ್ರೆ ಡಾ. ರಾಜ್‌ಕುಮಾರ್ ನೆನಪಾಗಿ ಜನ ಮುಂದೆ ಬರ್ತಾರೆ, ಮೆದುಳು ಅಂದ್ರೆ ಇನ್ನೂ ಹಿಂಜರಿಕೆ, ನಂಗೂ ಮನೇಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.

ಅಮೆರಿಕಾದಲ್ಲಿರೋ ನಮ್ಮ ಕನ್ನಡದ ಮಕ್ಕಳಿಗೂ ಒಂದು ಮಾತು. ಅಲ್ಲಿ ದಕ್ಷಿಣ ಏಷ್ಯಾದೋರ ಹೃದಯದ ಮೇಲೇ ಮಸಾಲಾ ಅನ್ನೋ ಹೆಸರಲ್ಲಿ ಒಂದು ಅಧ್ಯಯನ 2010ರಿಂದ ಇದೆ, ಸ್ಯಾನ್ ಫ್ರಾನ್ಸಿಸ್ಕೋ ಕಡೆ ಮತ್ತೆ ಶಿಕಾಗೋ ಕಡೆಯ 906 ಜನರಿಂದ ಶುರುವಾಗಿದ್ದು. ಕನ್ನಡ ಕೂಟದ ಯುಗಾದಿ ಊಟಕ್ಕೆ ಸೇರೋವಾಗ ಇಂಥದ್ದರ ಬಗ್ಗೆಯೂ ಒಂದೈದು ನಿಮಿಷ ಮಾತಾಡ್ಕೊಳ್ಳಿ.

ಕೊನೇದಾಗಿ ನಿಮ್ಮ ಹತ್ರಾನೇ ಒಂದು ವಿನಂತಿ ಸಂಪಾದಕರೇ. ಸಿಟಿಆರ್‌ಐನಲ್ಲಿ ಎಲ್ಲಾ ಇದೆ ಅಂದೆ, ಆದ್ರೆ ಅದು ಇಂಗ್ಲಿಷಲ್ಲಿದೆ, ಹುಡುಕೋಕೆ ನನ್ನಂಥ ಮೇಷ್ಟ್ರಿಗೇ ಬೆವರು ಬರುತ್ತೆ. ನಿಮ್ಮ ಪೇಪರಲ್ಲಿ ವಧುವರರಿಗೆ ಒಂದು ಪುಟ ಇದೆ, ಭವಿಷ್ಯಕ್ಕೆ ಅರ್ಧ ಪುಟ ಇದೆ. ತಿಂಗಳಿಗೊಂದು ಸಲ ಒಂದು ಕಾಲಂ ಜಾಗ ಕೊಟ್ಟು ಕರ್ನಾಟಕದಲ್ಲಿ ಈಗ ವಾಲಂಟಿಯರ್‌ಗಳನ್ನ ಸೇರಿಸ್ಕೊಳ್ತಿರೋ ಸ್ಟಡಿಗಳು ಯಾವ್ಯಾವು, ಔಷಧಿ ಇದ್ಯಾ ಇಲ್ವಾ, ಎಷ್ಟು ವಯಸ್ಸಿನೋರು, ಯಾವ ಊರು, ನೋಂದಣಿ ನಂಬರೇನು ಅಂತ ಕನ್ನಡದಲ್ಲಿ ಹಾಕಿ. ಟೈಪ್ ಮಾಡೋರು ಸಿಗದಿದ್ರೆ ಹೇಳಿ ಕಳಿಸಿ, ನಂಗೆ ಬೆಳಿಗ್ಗೆ ಹನ್ನೊಂದರ ಮೇಲೆ ಬೇರೇನೂ ಕೆಲಸ ಇಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಗಣಿತ ಶಿಕ್ಷಕ, ಚಿಂತಾಮಣಿ